ಇದು ಹೊಲಸಲ್ಲ, ನೀರಿನ ಕಲೆ

ಮಾನ್ಯ ಸಂಪಾದಕರೇ,

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ವಯಸ್ಸು 41. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮ ಕಡೆಯ ಬಹಳ ಜನಕ್ಕೆ ಇವೆ.

ಐದನೇ ಕ್ಲಾಸಿನಲ್ಲಿ ಮಾಸ್ತರು ನಮ್ಮನ್ನು ಸಾಲಾಗಿ ನಿಲ್ಲಿಸಿ ಹಲ್ಲು ನೋಡುತ್ತಿದ್ದರು. "ಹಲ್ಲುಜ್ಜಿಲ್ಲ, ನಡಿ" ಅಂತ ದಿನಾ ನನ್ನನ್ನು ನಳದ ಕಡೆ ಅಟ್ಟುತ್ತಿದ್ದರು. ಬೂದಿ, ಉಪ್ಪು, ಇಟ್ಟಿಗೆ ಪುಡಿ, ಎಲ್ಲ ಹಾಕಿ ತಿಕ್ಕಿದೆ. ಒಸಡಲ್ಲಿ ರಕ್ತ ಬಂತು, ಕಲೆ ಹೋಗಲಿಲ್ಲ. ಆಮೇಲೆ ನಗು ಬಂದರೆ ಕೈ ತಾನೇ ಬಾಯಿಗೆ ಹೋಗುತ್ತಿತ್ತು. ನೋಡಲು ಬಂದ ಗಂಡಿನ ಕಡೆಯವರು ಅದನ್ನು ಕಂಡು "ನಾಚಿಕೆ ಇರೋ ಹುಡುಗಿ" ಅಂತ ಮೆಚ್ಚಿಕೊಂಡರು! ಅವರದು ಪಕ್ಕದ ಊರು. ಗಂಡನ ಹಲ್ಲೂ ನನ್ನಂಥವೇ ಅಂತ ಮದುವೆಯಾದ ಮೇಲೆ ಗೊತ್ತಾಯಿತು. ಮದುವೆ ಫೋಟೊದಲ್ಲಿ ಇಬ್ಬರೂ ತುಟಿ ಬಿಗಿದುಕೊಂಡು ಕೂತಿದ್ದೇವೆ.

ಹತ್ತು ವರ್ಷದ ಹಿಂದೆ ಒಂದು ತಪಾಸಣೆ ಶಿಬಿರದಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು. ಇದು ಬೋರ್‌ವೆಲ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಅನ್ನೋ ಲವಣದಿಂದ ಬಂದದ್ದು. ಚಿಕ್ಕಂದಿನಲ್ಲಿ, ಸುಮಾರು 8 ವರ್ಷದೊಳಗೆ, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕೂತುಬಿಡುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮನೆಗೆ ಬಂದು ಸುಮ್ನೆ ಅತ್ತುಬಿಟ್ಟೆ. ನಾನು ಹೊಲಸಲ್ಲ ಅಂತ ತಿಳಿಯಲು ಇಷ್ಟು ವರ್ಷ ಬೇಕಾಯಿತಲ್ವಾ?

"ಮನಸ್ಸು ಚೆಂದ ಇದ್ದರೆ ಸಾಕು" ಅಂತ ಸಮಾಧಾನ ಹೇಳಿದವರು ಜಾಸ್ತಿ ಮಂದಿ. ಆ ಮಾತು ನನ್ನ ಕೆಲಸಕ್ಕೆ ಬರಲಿಲ್ಲ. ಕಾರಣ ಗೊತ್ತಾದದ್ದು ಬಂತು. ಈಗಲೂ ಹೊಸಬರ ಮುಂದೆ ಕೈ ಮೇಲೇಳುತ್ತದೆ, ಸುಳ್ಳು ಯಾಕೆ ಹೇಳಲಿ.

ಶಿಕ್ಷಕರೇ, ಪ್ರಾರ್ಥನೆ ಹೊತ್ತಿನಲ್ಲಿ ಒಂದು ಸಲ ಮಕ್ಕಳಿಗೆ ಇದನ್ನು ಹೇಳಿ. ಎಲ್ಲರ ಮುಂದೆ ಹಲ್ಲು ನೋಡಿ ಬೈಯಬೇಡಿ. ಹಲ್ಲನ್ನು ಒಪ್ಪಿಕೊಂಡೆ ಅಂತ ಆ ನೀರನ್ನು ಒಪ್ಪಿಕೊಳ್ಳಲು ನಾನು ತಯಾರಿಲ್ಲ. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇದ್ದರೆ ಅದು ಕುಡಿಯುವ ನೀರಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಸಣ್ಣ ಮಕ್ಕಳಿರುವ ಮನೆಯವರು ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ.

ಹೋದ ವಾರ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬಾಯಿಗೆ ತಟ್ಟೆ ಅಡ್ಡ ಹಿಡಿದು ನಗುತ್ತಿದ್ದಳು. ಸಾರು ಬಡಿಸುತ್ತಾ ನನ್ನ ಹಲ್ಲು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ತಟ್ಟೆ ಕೆಳಗಿಳಿಸಿ ಕೇಳಿದಳು: "ಅಕ್ಕಾ, ನೀವೂ ನಮ್ಮ ಬೋರಿನ ನೀರೇ ಕುಡದೀರೇನ್ರಿ?"

– ಬಿಸಿಯೂಟದ ಅಡುಗೆಯವಳು, ಕುಷ್ಟಗಿ ತಾಲ್ಲೂಕು