‘ರುಬಾರೆ’ಯ ಮೂಲ ಹುಡುಕುವವನಿಗೆ

ಪ್ರೀತಿಯ ತಮ್ಮ,

ನಿನ್ನ ಲೇಖನವನ್ನೂ ‘ಇನ್ನು ಬರೆಯುವುದಿಲ್ಲ’ ಎಂಬ ಕಾಗದವನ್ನೂ ಒಟ್ಟಿಗೇ ಓದಿದೆ. ಬಿಡಬೇಡ, ಬರೆ. ಶೈಲಿ, ಶೀರ್ಷಿಕೆ ಎಲ್ಲ ಬರೆಯುತ್ತ ಬರೆಯುತ್ತ ಕೈಗೆ ಹತ್ತುತ್ತವೆ. ನನಗೆ ಸಿಟ್ಟು ಬಂದದ್ದು ಒಂದೇ ಸಾಲಿಗೆ: ಕದಿಯುವುದಕ್ಕೆ ಇಟಾಲಿಯನ್ನರು ಹೇಳುವ ‘ರುಬಾರೆ’ ಲ್ಯಾಟಿನ್ನಿನ ‘ರಪೆರೆ’ಯಿಂದ (ಕಸಿದುಕೊ) ಬಂತು ಅಂದಿದ್ದೀಯ. ಸದ್ದು ಹೋಲುತ್ತದೆ, ಅರ್ಥ ಹತ್ತಿರವಿದೆ, ಅಷ್ಟಕ್ಕೇ ನಂಬಿಬಿಟ್ಟೆ. ನಮ್ಮ ಪತ್ರಿಕೆಗಳಲ್ಲಿ ಪದಮೂಲದ ಹೆಸರಿನಲ್ಲಿ ನಡೆಯುವ ಈ ಹೋಲಿಕೆಯಾಟದ ಮೇಲೆ ನನ್ನ ಕೋಪ ಹಳೆಯದು.

ರಪೆರೆಯಿಂದ ಬಂದ ಪದಗಳು ಬೇರೆಯೇ ಇವೆ: ರಪೀರೆ ಅಂದರೆ ಅಪಹರಿಸು, ರಪೀನಾ ಅಂದರೆ ದರೋಡೆ. ಅಲ್ಲಿ ಅಕಾರ, ಪಕಾರ ಹಾಗೇ ಉಳಿದಿವೆ. ಇಲ್ಲಿ ಮಾತ್ರ ಉಕಾರ, ಬಕಾರ ಹೇಗಾದವು? ಈ ಪ್ರಶ್ನೆ ನೀನೇ ಕೇಳಿಕೊಳ್ಳಬೇಕಿತ್ತು.

ರುಬಾರೆ ಜರ್ಮಾನಿಕ್ ಪದ, ಅಂದರೆ ಜರ್ಮನ್, ಗಾಥಿಕ್ ಮೊದಲಾದ ನುಡಿಗಳ ಬಳಗದ್ದು. ಮೂಲರೂಪ ‘ರೌಬೋನ್’, ಸುಲಿಗೆ ಮಾಡು. 4ನೇ ಶತಮಾನದ ಗಾಥಿಕ್ ಬೈಬಲ್ಲಿನಲ್ಲಿ ‘ಬಿರೌಬೋನ್’ ಸಿಗುತ್ತದೆ, ಜರ್ಮನ್ನಿನಲ್ಲಿ ‘ರೌಬೆನ್’ ಈಗಲೂ ಇದೆ. ಇಟಲಿಯಲ್ಲಿ 493ರಿಂದ ಆಸ್ಟ್ರೋಗಾಥರು ಆಳಿದರು, 568ರಲ್ಲಿ ಲೊಂಬಾರ್ಡರು ಬಂದರು; ಇಬ್ಬರೂ ಜರ್ಮಾನಿಕ್ ನುಡಿಯ ಜನ. ಆದರೆ ಇಂಥವರೇ ತಂದರೆಂದು ಒಬ್ಬರ ಹೆಸರು ಹಿಡಿದು ಬರೆಯಬೇಡ.

ಈಗ ಸದ್ದಿಗೆ ಬಾ, ಅವಸರ ಮಾಡಬೇಡ. ಉಚ್ಚಾರದಲ್ಲಿ ಒತ್ತು ಬಿದ್ದ ‘ಔ’ ಇಟಾಲಿಯನ್ನಿನಲ್ಲಿ ‘ಓ’ ಆಗುತ್ತದೆ. ಒತ್ತಿಗೆ ಮುಂಚಿನ ‘ಔ’ ಎಷ್ಟೋ ಕಡೆ ‘ಉ’ ಆಗುತ್ತದೆ. ಲ್ಯಾಟಿನ್ನಿನ ಔದೀರೆ, ಅಂದರೆ ಕಿವಿಯಿಂದ ಕೇಳು, ‘ಉದೀರೆ’ ಆಯಿತು. ‘ನಾನು ಕೇಳುತ್ತೇನೆ’ ಮಾತ್ರ ‘ಓದೊ’, ಅಲ್ಲಿ ಒತ್ತು ಮೊದಲ ಅಕ್ಷರಕ್ಕೇ ಬೀಳುತ್ತದೆ. ಇಲ್ಲೂ ಅದೇ ಜೋಡಿ: ಅದೇ ಮೂಲದ ನಾಮಪದ ‘ರೌಬಾ’ದಿಂದ ‘ರೋಬಾ’, ‘ರೌಬೋನ್’ನಿಂದ ‘ರುಬಾರೆ’. ಹಳೆಯ ಬರಹಗಳಲ್ಲಿ ‘ರೊಬಾರೆ’ಯೂ ಇದೆ. ಸಾಕ್ಷಿ ಅಂದರೆ ಇದು: ಇನ್ನೊಂದು ಪದವೂ ಅದೇ ದಾರಿ ತುಳಿದಿರಬೇಕು.

ಅರ್ಥದ ಕಡೆಯಿಂದಲೂ ಇದು ಕೂಡಿಬರುತ್ತದೆ. ‘ರೌಬಾ’ ಅಂದರೆ ಸುಲಿದ ಮಾಲು, ಅದರಲ್ಲೂ ಶತ್ರುವಿನ ಮೈಮೇಲಿಂದ ಕಳಚಿದ ಬಟ್ಟೆ. ಫ್ರೆಂಚಿನ ‘ರೋಬ್’, ಸ್ಪ್ಯಾನಿಷ್‌ನ ‘ರೋಪಾ’ ಎರಡೂ ಬಟ್ಟೆಯಲ್ಲೇ ನಿಂತವು. ಇಟಾಲಿಯನ್ನಿನ ‘ರೋಬಾ’ ಸಾಮಾನು-ಸರಂಜಾಮು ಎಲ್ಲಕ್ಕೂ ಹಬ್ಬಿತು. ಲ್ಯಾಟಿನ್ನಿನಲ್ಲಿ ಕದಿಯುವುದಕ್ಕಿದ್ದ ‘ಫುರಾರಿ’ ಬಳಕೆ ತಪ್ಪಿತು, ಕಳವು ಎಂಬರ್ಥದ ‘ಫೂರ್ತೊ’ ಎಂಬ ನಾಮಪದ ಮಾತ್ರ ಉಳಿಯಿತು.

ಕನ್ನಡದ ನಂಟು ಬೇಕೇ ಬೇಕೆಂದರೆ ಲೋಪಸಂಧಿಯ ‘ಲೋಪ’ ಹಿಡಿ. ಅದರ ಧಾತು ಸಂಸ್ಕೃತದ ‘ಲುಪ್’: ಮುರಿ, ಕಸಿದುಕೊ. ಜರ್ಮಾನಿಕ್ ‘ರೌಬ್’ ಜೊತೆ ಅದನ್ನು ಒಂದೇ ಇಂಡೋ-ಯೂರೋಪಿಯನ್ ಮೂಲಕ್ಕೆ, ಅಂದರೆ ಸಂಸ್ಕೃತ, ಲ್ಯಾಟಿನ್, ಜರ್ಮಾನಿಕ್ ಎಲ್ಲ ಹುಟ್ಟಿದ ಪೂರ್ವಜ ಭಾಷೆಗೆ, ಸೇರಿಸುತ್ತಾರೆ. ಒಂದು ವಾಕ್ಯ ಸಾಕು, ಹಿಗ್ಗಿ ಪುಟ ತುಂಬಬೇಡ.

ಇನ್ನೊಂದು. ‘ರುಬಾರೆ’ಗೆ ಕರ್ಮಪದ ಕದ್ದ ವಸ್ತು, ಕಳೆದುಕೊಂಡವನು ಕರ್ಮಪದವಾದರೆ ‘ದೆರುಬಾರೆ’ ಬರಬೇಕು. ನಿನ್ನ ಉದಾಹರಣೆಯಲ್ಲಿ ಇವು ಅದಲುಬದಲಾಗಿವೆ. ಅದನ್ನೂ ತಿದ್ದಿ ಹೊಸ ಪ್ರತಿ ಕಳಿಸು, ಕಾಯುತ್ತಿರುತ್ತೇನೆ.