‘ದ್ರೋಹಿ’ ಅಂದರಂತೆ

ಉಡುಪಿ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂತು. ಹೊಸ ಕೆಲಸ, ಬಾಡಿಗೆ ರೂಮು, ಬೆಂಗಳೂರಿನ ಚಳಿ ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಳು. ಕೆಲಸ ಬಿಟ್ಟದ್ದಕ್ಕೆ ಮಂಗಳೂರು ಹಂಪನಕಟ್ಟೆಯ ಆ ಹಳೆ ಆಫೀಸಿನ ಯಜಮಾನರು ಎಲ್ಲರೆದುರು ನಿನ್ನನ್ನು ‘ದ್ರೋಹಿ’ ಅಂದದ್ದು ಮಾತ್ರ ಹೇಳಿರಲಿಲ್ಲ. ‘ಮಾವ, ನಾನು ನಿಜವಾಗಿ ಅದೇನಾ?’ ಅಂತ ಕೇಳಿದ್ದೀಯ. ರಾತ್ರಿ ಸರಿ ನಿದ್ದೆ ಬರಲಿಲ್ಲ ಮಾರಾಯ್ತಿ.

ವಕೀಲರ ಗುಮಾಸ್ತನಾಗಿ ನಾನು ಆಯುಷ್ಯವಿಡೀ ಬರೆದದ್ದು ಇಂಥ ಶಬ್ದಗಳನ್ನೇ. ಕಟ್ಟೆಯಲ್ಲಿ ಕೂತು ಮಾತಾಡುವಾಗ ಮೋಸ, ವಂಚನೆ, ದ್ರೋಹ ಎಲ್ಲ ಒಂದೇ. ದೂರು ಬರೆಯುವಾಗ ಹಾಗಲ್ಲ. ಮೊದಲೇ ಮನಸ್ಸಿನಲ್ಲಿ ಮೋಸ ಇಟ್ಟುಕೊಂಡು, ಸುಳ್ಳು ಹೇಳಿ ಹಣ ಪಡೆದರೆ ವಂಚನೆ. ಜನ ಇವತ್ತಿಗೂ ‘ಅವ ಫೋರ್ ಟ್ವೆಂಟಿ’ ಅನ್ನುವುದು ಹಳೆಯ ದಂಡಸಂಹಿತೆಯ 420ನೇ ಕಲಮಿನಿಂದ. ನಂಬಿ ಒಪ್ಪಿಸಿದ್ದನ್ನು ನುಂಗಿದರೆ ನಂಬಿಕೆ ದ್ರೋಹ, ಅದು 406. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ ಅವು 318, 316 ಆಗಿವೆ. ‘ಅವ ತ್ರೀ ಎಯ್ಟೀನ್’ ಅಂತ ಯಾರೂ ಅನ್ನುವುದು ನಾನಂತೂ ಕೇಳಿಲ್ಲ.

ದ್ರೋಹ ಅಂತ ಬರೆಯಲು ಬಂದವರನ್ನು ನಮ್ಮ ವಕೀಲರು ಕೇಳುತ್ತಿದ್ದದ್ದು ಒಂದೇ: ಏನು ಒಪ್ಪಿಸಿದ್ದಿರಿ, ಏನು ಹೋಯಿತು? ನೀನು ನೋಟಿಸ್ ಕೊಟ್ಟೆ, ತಿಂಗಳು ಮುಗಿಸಿದೆ, ಕೀ ವಾಪಸ್ ಕೊಟ್ಟೆ. ಅಲ್ಲಿಂದ ಹೋದದ್ದು ನೀನು ಮಾತ್ರ. ನಿನ್ನನ್ನು ಯಾರೂ ಅವರಿಗೆ ಒಪ್ಪಿಸಿರಲಿಲ್ಲ ಅಲ್ವಾ?

‘ಕೈಕೊಟ್ಟಳು’ ಅಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ತೆರಿಗೆ ರಿಟರ್ನ್ಸ್ ತುಂಬುವ ಹೊತ್ತಿಗೆ ಒಬ್ಬರು ಕಡಿಮೆಯಾದರೆ ಅವರಿಗೂ ಕಷ್ಟವೇ. ದಾರಿಯಲ್ಲಿ ಸ್ಕೂಟರು ಕೂಡ ಕೈಕೊಡುತ್ತದೆ. ಸ್ಕೂಟರು ದ್ರೋಹ ಮಾಡಿತು ಅಂತ ಯಾರೂ ಹೇಳುವುದಿಲ್ಲ. ‘ಉಂಡ ಮನೆಗೆ ಎರಡು ಬಗೆದಳು’ ಅಂತಲೂ ಅಂದರಂತೆ. ನೀನು ಉಂಡದ್ದು ದುಡಿದ ಸಂಬಳದ ಊಟ. ಕೆಲಸ ಕಲಿಸಿದ್ದಾರೆ, ಆ ಉಪಕಾರ ಇದೆ. ಅದನ್ನು ಮರೆತವರಿಗೆ ಕೃತಘ್ನ ಅನ್ನಬಹುದು. ನಿನ್ನ ಕಾಗದದಲ್ಲಿ ಅರ್ಧ ಅದನ್ನೇ ನೆನೆದಿದ್ದೀಯ.

ಮಳೆಗಾಲದ ತಾಳಮದ್ದಳೆಗಳಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಈ ಜಗಳ ಎಷ್ಟು ಸಲ ಕೇಳಿದ್ದೇನೆ. ರಾವಣನಾಗಿ ಮಾತಾಡುವ ಅರ್ಥಧಾರಿ ವಿಭೀಷಣನನ್ನು ಕುಲದ್ರೋಹಿ ಅಂತ ಜರೆಯುತ್ತಾರೆ. ವಿಭೀಷಣನದ್ದು ಒಂದೇ ವಾದ: ನಿನ್ನೆದುರೇ ಹೇಳಿದೆ, ನೀನು ಕೇಳಲಿಲ್ಲ, ಆಮೇಲೆ ಹೊರಟೆ. ಕರ್ಣ ಹಾಗಲ್ಲ. ಕೃಷ್ಣನೇ ಹುಟ್ಟಿನ ಗುಟ್ಟು ಹೇಳಿ ಕರೆದರೂ ಕೌರವನನ್ನು ಬಿಡಲಿಲ್ಲ. ನನಗೆ ಸಣ್ಣದರಿಂದ ಕರ್ಣನೇ ಇಷ್ಟ. ಅದರಿಂದ ನನಗೆ ಲಾಭವಾಯಿತು ಅಂತಲ್ಲ.

ನನಗೂ ಒಮ್ಮೆ ಮುಂಬೈಯಲ್ಲಿ ಒಂದು ಕೆಲಸ ಕುದುರಿತ್ತು. ‘ಈಗ ಬಿಟ್ಟುಹೋದರೆ ಅದು ದ್ರೋಹ’ ಅಂದರು ನಮ್ಮ ವಕೀಲರು. ಅಷ್ಟೇ. ಕೆಳಗಿಳಿಸಿದ್ದ ಟ್ರಂಕು ಪುನಃ ಅಟ್ಟಕ್ಕೆ ಹೋಯಿತು. ವರ್ಷಗಳ ಮೇಲೆ ಅವರ ಮಗ ಆಫೀಸಿಗೆ ಕಂಪ್ಯೂಟರು ತಂದರು. ನನಗೆ ಒಂದು ಶಾಲು, ಹಣ್ಣಿನ ಬುಟ್ಟಿ. ಆ ದಿನ ದ್ರೋಹ ಅನ್ನುವ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ಮೇಲಿನವರು ಕೆಳಗಿನವರನ್ನು ಬಿಟ್ಟರೆ ಅದಕ್ಕೆ ‘ಅನಿವಾರ್ಯ’ ಅಂತ ಹೆಸರು. ಅತ್ತೆ ಈಗಲೂ ಮುಂಬೈ ಸುದ್ದಿ ತೆಗೆದರೆ ನಾನು ಪೇಪರ್ ಅಡ್ಡ ಹಿಡಿಯುತ್ತೇನೆ.

ಇದೆಲ್ಲ ನಿನಗೆ ಯಾಕೆ ಬರೆದೆನೋ. ಒಂದು ಮಾತು, ನಿನಗೆ ಗೊತ್ತಿದ್ದೀತು. ಹಳೆ ಗಿರಾಕಿಗಳ ಪಟ್ಟಿ, ಪಾಸ್‌ವರ್ಡು ಏನಾದರೂ ಮೊಬೈಲಿನಲ್ಲಿ ಉಳಿದಿದ್ದರೆ ಅಳಿಸಿಬಿಡು. ಅದನ್ನು ಹೊಸ ಆಫೀಸಿನಲ್ಲಿ ಬಳಸಿದರೆ ಮಾತ್ರ ಅವರ ಮಾತು ನಿಜವಾಗುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಉತ್ತರ ಕೊಡಲು ಹೋಗಬೇಡ. ಗಣೇಶ ಚೌತಿಗೆ ಬಂದಾಗ ಅವರನ್ನು ಕಂಡು ಬರಬಹುದು, ಮನಸ್ಸಿದ್ದರೆ. ಇಲ್ಲದಿದ್ದರೆ ಬೇಡ. ರಿಲೀವಿಂಗ್ ಲೆಟರ್ ಕೊಟ್ಟಿದ್ದಾರಾ? ಅದನ್ನು ನೀನು ಬರೆಯಲೇ ಇಲ್ಲ. ಕೊಡದಿದ್ದರೆ ಹೇಳು, ಒಂದು ಅರ್ಜಿ ನಾನೇ ಬರೆದು ಕಳಿಸುತ್ತೇನೆ.

ನಿನ್ನ ಮಾವ