ಒದ್ದೆ ಗೋಡೆಗೆ ಪುಟ್ಟಿ ಬಳಿದು ಹೋದದ್ದರ ಬಗ್ಗೆ ದೂರು

ದಿನಾಂಕ: 12-09-2025
ಮೈಸೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಮನೆ ಬಣ್ಣ ಮತ್ತು ದುರಸ್ತಿ ಸೇವೆ, ಮೈಸೂರು ಶಾಖೆ

ವಿಷಯ: ಮಾರಾಟಕ್ಕೆ ಸಿದ್ಧಪಡಿಸಲು ಒಪ್ಪಿಸಿದ್ದ ಸರಸ್ವತಿಪುರಂನ ಮನೆಯಲ್ಲಿ ತೇವದ ಗೋಡೆಯನ್ನು ಸರಿಪಡಿಸದೆ ಮುಚ್ಚಿದ್ದು ಮತ್ತು ಕೆಂಪು ಗಾರೆ ನೆಲವನ್ನು ಕೆಡಿಸಿದ್ದು.

ಮಾನ್ಯರೇ,

ಆಗಸ್ಟ್ 10ರ ಭಾನುವಾರ ನಮ್ಮ ಮನೆಯ ನಡುಮನೆಯಲ್ಲಿ ಒಬ್ಬ ಹಿರಿಯರು ನಿಂತು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಟೊಳ್ಳು ಸದ್ದು ಬಂತು. ಉಗುರಿನಿಂದ ಮೆಲ್ಲಗೆ ಕೆರೆದರು. ಅಂಗೈಯಗಲದ ಪುಟ್ಟಿಯ ಚಕ್ಕೆ ಕಳಚಿ ಬಿತ್ತು, ಅದರ ಹಿಂದೆ ಕಪ್ಪಗೆ ಒದ್ದೆಯಾದ ಗಿಲಾವು ಕಂಡಿತು. ಅವರು ಗೋಡೆಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು. "ಇದನ್ನು ಮೊದಲೇ ಹೇಳಬಹುದಿತ್ತಲ್ಲಮ್ಮ" ಎಂದರು. ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸುಳ್ಳು ಹೇಳಿ ಸಿಕ್ಕಿಬಿದ್ದವಳಂತೆ ಯಾರ ಮುಂದೆಯೂ ನಿಂತಿರಲಿಲ್ಲ. ಅಂದು ನಿಲ್ಲಬೇಕಾಯಿತು. ಅದಕ್ಕೆ ಕಾರಣ ನಿಮ್ಮವರು ಮಾಡಿದ ಕೆಲಸ.

ನಿಮ್ಮ ಕಡತದಲ್ಲಿ ನನ್ನ ಮನೆ ಒಂದು ಕ್ರಮಸಂಖ್ಯೆಯಾಗಿ ಮಾತ್ರ ಇರಬಹುದು. ಆದ್ದರಿಂದ ಸಂಗತಿಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಈ ಮನೆಯನ್ನು 1968ರಲ್ಲಿ ನಮ್ಮ ತಂದೆ ಕಟ್ಟಿಸಿದರು. ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿ ಕಟ್ಟುವ ಮದ್ರಾಸ್ ತಾರಸಿ, ತೇಗದ ತೊಲೆಗಳು, ಕೆಂಪು ಗಾರೆ ನೆಲ. ಅಮ್ಮನಿಗೆ ಈಗ ಮೆಟ್ಟಿಲು ಹತ್ತಿ ಇಳಿಯಲು ಆಗುವುದಿಲ್ಲ. ಹೀಗಾಗಿ ವಿಜಯನಗರದಲ್ಲಿ ಲಿಫ್ಟ್ ಇರುವ ಒಂದು ಫ್ಲ್ಯಾಟ್ ಕೊಂಡೆ. ಅದರ ನೋಂದಣಿ ಆದದ್ದು 2024ರ ನವೆಂಬರ್ 14ರಂದು. ಹಳೆಯ ಮನೆ ಮಾರಿದ ಲಾಭದ ಮೇಲಿನ ತೆರಿಗೆಯಲ್ಲಿ ಈ ಫ್ಲ್ಯಾಟಿನ ವಿನಾಯಿತಿ ಸಿಗಬೇಕಾದರೆ, ಅದನ್ನು ಕೊಂಡ ಒಂದು ವರ್ಷದೊಳಗೆ ಹಳೆಯ ಮನೆಯ ಮಾರಾಟ ಮುಗಿಯಬೇಕು. ಅವಸರ ಇದ್ದದ್ದು ಅದಕ್ಕೆ. ಇದನ್ನು ಜೂನ್ 23ರಂದು ಮನೆ ನೋಡಲು ಬಂದ ನಿಮ್ಮ ಮೇಲ್ವಿಚಾರಕರಿಗೆ ಬಿಡಿಸಿ ಹೇಳಿದ್ದೆ. ಆಷಾಢದಲ್ಲಿ ಮನೆ ಕೊಳ್ಳಲು ಯಾರೂ ಬರುವುದಿಲ್ಲ, ಆ ತಿಂಗಳು ಕೆಲಸ ಮುಗಿಸಿಬಿಡಿ, ಶ್ರಾವಣ ಹುಟ್ಟುವ ಹೊತ್ತಿಗೆ ಮನೆ ತೋರಿಸುವಂತಿರಬೇಕು ಎಂದಿದ್ದೆ. ಜುಲೈ 18ಕ್ಕೆ ಮುಗಿಸಿಕೊಡುವುದಾಗಿ ನಿಮ್ಮ ಒಪ್ಪಂದದ ಕಾಗದದಲ್ಲಿಯೇ ಬರೆದಿದೆ.

ನನ್ನ ಪಾಲಿನ ಕೆಲಸವನ್ನು ಅಷ್ಟರಲ್ಲಿ ನಾನು ಮುಗಿಸಿದ್ದೆ. ಇ-ಖಾತಾ ಮಾಡಿಸಿದೆ, ಕಂದಾಯದ ಬಾಕಿ ತೀರಿಸಿದೆ, ಋಣಭಾರ ಪತ್ರ ತೆಗೆಸಿದೆ, ತಂದೆಯ ಮರಣಪತ್ರದಿಂದ ಹಿಡಿದು ಮೂಲ ಕ್ರಯಪತ್ರದವರೆಗೆ ಎಲ್ಲವನ್ನೂ ಜೋಡಿಸಿ ಫೈಲು ಮಾಡಿದೆ. ಐವತ್ತೇಳು ವರ್ಷದ ಸಾಮಾನನ್ನು ಖಾಲಿ ಮಾಡುವುದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತು. ತಂದೆಯವರ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಟ್ಟು ಬಂದ ದಿನ ಅಮ್ಮ ಊಟ ಮಾಡಲಿಲ್ಲ.

ಇನ್ನು ಗೋಡೆಯ ವಿಷಯ. ಬಚ್ಚಲುಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ತೇವ ಇದೆ ಎಂದು ನಿಮ್ಮವರಿಗೆ ಮೊದಲು ಹೇಳಿದವಳು ನಾನೇ. ಒಳಗಿರುವ ಹಳೆಯ ಕಬ್ಬಿಣದ ಪೈಪಿನ ಜಾಯಿಂಟ್ ಜಿನುಗುತ್ತಿರಬೇಕು, ಅದನ್ನು ಒಡೆದು ನೋಡಿ, ಪೈಪು ಬದಲಿಸಿ, ಗೋಡೆ ಒಣಗಿದ ಮೇಲೆ ಮಾತ್ರ ಬಣ್ಣ ಹಚ್ಚಿ ಎಂದೆ. ತಾರಸಿಯ ಮಳೆನೀರಿನ ಕೊಳವೆಯ ಬಾಯಲ್ಲಿ ಆಲದ ಸಸಿ ಬೇರು ಬಿಟ್ಟಿತ್ತು. ಅದನ್ನೂ ಕೈ ಮಾಡಿ ತೋರಿಸಿದೆ. ನೀವು ಕಳಿಸಿದ ಅಂದಾಜುಪಟ್ಟಿಯಲ್ಲಿ ಪೈಪು ಬದಲಾವಣೆ, ಹಳೆಯ ಗಿಲಾವು ತೆಗೆದು ಹೊಸದು ಹಾಕುವುದು, ತೇವ ತಡೆಯುವ ಲೇಪನ ಎಂದು ಪ್ರತ್ಯೇಕ ಸಾಲುಗಳಿವೆ. ಜಿಎಸ್‌ಟಿ ಸೇರಿ ಒಟ್ಟು 2,36,000 ರೂಪಾಯಿಯ ಬಿಲ್ಲಿನಲ್ಲಿ ಆ ಸಾಲುಗಳಿಗೂ ಹಣ ಪಡೆದಿದ್ದೀರಿ.

ಮಾಡಿದ್ದೇನು? ಆಗಸ್ಟ್ 11ರಂದು ನಾನು ಬೇರೆ ಮೇಸ್ತ್ರಿಯನ್ನು ಕರೆಸಿ ಆ ಗೋಡೆಯನ್ನು ಒಡೆಸಿದೆ. ಪೈಪು ಹಳೆಯದೇ ಇದೆ. ಗಿಲಾವೂ ಹಳೆಯದೇ. ಅದರ ಮೇಲೆ ನೇರವಾಗಿ ಎರಡು ಕೋಟ್ ಪುಟ್ಟಿ, ಪುಟ್ಟಿಯ ಮೇಲೆ ಹೊಳೆಯುವ ಎಮಲ್ಷನ್ ಬಣ್ಣ. ಹೊಸ ಗಿಲಾವು ಹಾಕಿದ್ದರೂ ಅದು ಹದಗೊಂಡು ಒಣಗಲು ಸುಮಾರು 28 ದಿನ ಬೇಕು ಎಂಬುದು ಯಾವ ಬಣ್ಣದ ಕೆಲಸದವರಿಗೂ ಗೊತ್ತಿರುವ ಮಾತು. ನಿಮ್ಮವರು ಜಡಿಮಳೆ ಹಿಡಿದಿದ್ದ ವಾರದಲ್ಲಿ ಮೂರು ದಿನದೊಳಗೆ ಆ ಗೋಡೆ ಮುಗಿಸಿದರು. ಗೋಡೆಯೊಳಗಿನ ನೀರು ಹೊರಗೆ ಬರಲೇಬೇಕು, ಬರುವಾಗ ಇಟ್ಟಿಗೆ ಗಾರೆಯಲ್ಲಿನ ಉಪ್ಪನ್ನೂ ಕರಗಿಸಿ ತರುತ್ತದೆ. ಹೊರಮೈಯನ್ನು ಉಸಿರಾಡದಂತೆ ಮುಚ್ಚಿದರೆ ಆ ಉಪ್ಪು ಬಣ್ಣದ ಅಡಿಯಲ್ಲೇ ಹರಳುಗಟ್ಟಿ ಪುಟ್ಟಿಯನ್ನು ಎತ್ತಿ ಬಿಸಾಡುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಗೋಡೆಯಲ್ಲಿ ಸಣ್ಣ ಗುಳ್ಳೆಗಳು ಎದ್ದಿದ್ದವು. ಹೊಸ ಬಣ್ಣ ಅಲ್ಲವೇ, ಒಣಗುತ್ತಿರಬಹುದು ಎಂದು ನಂಬಿದೆ. ನಿಮ್ಮನ್ನು ನಂಬಿದ್ದರಿಂದ ಗುಳ್ಳೆಯನ್ನೂ ನಂಬಿದೆ.

ನೆಲದ ವಿಷಯ ಬರೆಯುವಾಗ ಕೈ ನಡುಗುತ್ತದೆ. ಕೆಂಪು ಗಾರೆ ನೆಲವನ್ನು ಈಗ ಹಾಗೆ ತಿಕ್ಕಿ ನುಣುಪು ಮಾಡಿಕೊಡುವ ಕೈಗಳು ಮೈಸೂರಿನಲ್ಲಿ ಬೆರಳೆಣಿಕೆಯಷ್ಟಿವೆ. ನಮ್ಮಮ್ಮ ಈ ನೆಲವನ್ನು ವರ್ಷಗಟ್ಟಲೆ ಬಟ್ಟೆಗೆ ಕೊಬ್ಬರಿಎಣ್ಣೆ ತೊಟ್ಟಿಕ್ಕಿಸಿ ಒರೆಸಿ ಮುಖ ಕಾಣುವ ಹಾಗೆ ಇಟ್ಟುಕೊಂಡಿದ್ದರು. ಮನೆ ನೋಡಲು ಬಂದವರೆಲ್ಲ ಮೊದಲು ಮೆಚ್ಚುತ್ತಿದ್ದದ್ದು ಅದನ್ನೇ. ಬಣ್ಣದ ಹನಿ ಬೀಳದಂತೆ ಪ್ಲಾಸ್ಟಿಕ್ ಹಾಳೆ ಹಾಸುವುದಾಗಿ ಹೇಳಿದವರು ಹಾಸಲಿಲ್ಲ. ಕೊನೆಯ ದಿನ ಹನಿಗಳನ್ನು ತೆಗೆಯಲು ಟೈಲ್ಸ್ ತೊಳೆಯುವ ಆಸಿಡ್ ಸುರಿದು ಬ್ರಷ್ಷಿನಲ್ಲಿ ಉಜ್ಜಿದರು. ಗಾರೆ ನೆಲ ಎಂದರೆ ಸಿಮೆಂಟು. ಆಸಿಡ್ ಸಿಮೆಂಟನ್ನು ತಿನ್ನುತ್ತದೆ. ನಡುಮನೆಯಲ್ಲಿ ಏಳು ಕಡೆ ಮಾಸಲು ಬಿಳಿಯ ಒರಟು ಕಲೆಗಳು ಉಳಿದಿವೆ, ಕಾಲಿಟ್ಟರೆ ಮರಳಿನಂತೆ ಚುಚ್ಚುತ್ತವೆ. ಎಣ್ಣೆ ಹಚ್ಚಿದರೂ, ಮೇಣ ಹಚ್ಚಿದರೂ ಆ ಹೊಳಪು ಬರುವುದಿಲ್ಲ. ಅಮ್ಮ ಈಗ ಆ ಕೋಣೆಯಲ್ಲಿ ಕೂರುವುದಿಲ್ಲ.

ಕೆಲಸ ಮುಗಿದದ್ದು ಜುಲೈ 18ಕ್ಕಲ್ಲ, ಆಗಸ್ಟ್ 2ಕ್ಕೆ. ಮರುದಿನ ಬಂದ ಕುಟುಂಬಕ್ಕೆ ಮನೆ ಇಷ್ಟವಾಯಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಮಾತಾಯಿತು. ನಿವೇಶನ ಮಾರಿದ ಹಣ ಅವರ ಕೈಯಲ್ಲಿತ್ತು, ಸಾಲ ಪಡೆಯುವ ಕೆಲಸವಿರಲಿಲ್ಲ. ಹಬ್ಬ ಕಳೆದ ಮೇಲೆ ಮುಂಗಡ, ಶ್ರಾವಣ ಮುಗಿಯುವುದರೊಳಗೆ ನೋಂದಣಿ ಎಂದಿದ್ದರು. ಹತ್ತನೆಯ ತಾರೀಕು ಮನೆಯ ಹಿರಿಯರನ್ನು ಕರೆತಂದಾಗ ನಡೆದದ್ದನ್ನು ಮೇಲೆ ಬರೆದಿದ್ದೇನೆ. ಅವರು ಜಗಳವಾಡಲಿಲ್ಲ. ಕಾಫಿ ಕುಡಿಯದೆ ಎದ್ದು ಹೋದರು.

ಗೋಡೆಯಲ್ಲಿ ತೇವ ಇದ್ದ ಮಾತ್ರಕ್ಕೆ ಮನೆ ಮಾರಾಟವಾಗದೆ ಹೋಗುವುದಿಲ್ಲ. ಇಂಥಲ್ಲಿ ತೇವ ಇತ್ತು, ಪೈಪು ಬದಲಿಸಿದ್ದೇವೆ, ಇದು ಬಿಲ್ಲು ಎಂದು ತೋರಿಸಿದರೆ ಕೊಳ್ಳುವವರು ಒಪ್ಪುತ್ತಾರೆ, ಹೆಚ್ಚೆಂದರೆ ಬೆಲೆಯಲ್ಲಿ ಸ್ವಲ್ಪ ಇಳಿಸಿ ಎನ್ನುತ್ತಾರೆ. ಮುಚ್ಚಿಟ್ಟದ್ದು ಸಿಕ್ಕಿದರೆ ಇಡೀ ಮನೆಯ ಮೇಲೆ ಅನುಮಾನ ಬರುತ್ತದೆ. ಮಾರುವವರು ತಮಗೆ ತಿಳಿದಿರುವ, ಕೊಳ್ಳುವವರ ಸಾಮಾನ್ಯ ಪರೀಕ್ಷೆಗೆ ಸಿಗದ ದೊಡ್ಡ ದೋಷವನ್ನು ಹೇಳಲೇಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆ ಕುಟುಂಬಕ್ಕೆ ನಾನು ತೇವದ ವಿಷಯ ಹೇಳಿದ್ದೆ, ಸರಿಪಡಿಸಲಾಗಿದೆ ಎಂದೂ ಹೇಳಿದ್ದೆ. ನಿಮ್ಮ ಬಿಲ್ಲನ್ನು ನಂಬಿ ಹೇಳಿದ ಆ ಮಾತು ಅವರಿಗೆ ಸುಳ್ಳಾಗಿ ಕಂಡಿತು.

ಅದರ ಮೇಲೆ, ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಈ ಬೆಲೆಯ ಮನೆಗೆ ಅದು 1,20,000 ರೂಪಾಯಿಯ ಹೆಚ್ಚಿನ ಹೊರೆ. ಈಚೆಗೆ ಬಂದ ಇಬ್ಬರೂ ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿ ಎಂದರು. ಸರ್ಕಾರದ ಆದೇಶಕ್ಕೆ ನಿಮ್ಮನ್ನು ಹೊಣೆ ಮಾಡುವುದಿಲ್ಲ. ಆದರೆ ಕೆಲಸ ಸರಿಯಾಗಿದ್ದರೆ ಮಾರಾಟ ಅದಕ್ಕೆ ಮೊದಲೇ ಮುಗಿಯುತ್ತಿತ್ತು. ಈಗ ಪಿತೃಪಕ್ಷ. ಇಪ್ಪತ್ತೊಂದರವರೆಗೆ ಯಾರೂ ಹೊಸ್ತಿಲು ತುಳಿಯುವುದಿಲ್ಲ. ಆಮೇಲೆ ದಸರಾ. ನವೆಂಬರ್ 14 ದೂರವಿಲ್ಲ.

ನಿಮ್ಮ ಆ್ಯಪ್‌ನಲ್ಲಿ ಮೂರು ಸಲ ದೂರು ದಾಖಲಿಸಿದೆ. ಮೂರು ಸಲವೂ ಯಾರೂ ಬಂದು ನೋಡದೆಯೇ "ಪರಿಹರಿಸಲಾಗಿದೆ" ಎಂಬ ಸಂದೇಶ ಬಂತು. ಮೇಲ್ವಿಚಾರಕರು ಫೋನಿನಲ್ಲಿ, "ಮಾರುವ ಮನೆ ತಾನೇ ಮೇಡಂ, ನೋಡಲು ಚೆನ್ನಾಗಿದ್ದರೆ ಸಾಕು ಅಂದುಕೊಂಡೆವು" ಎಂದರು. ಈ ಮಾತನ್ನು ನಾನು ಮರೆಯಲಾರೆ. ನನ್ನ ನಂತರ ಆ ಮನೆಯಲ್ಲಿ ಚಿಕ್ಕ ಮಕ್ಕಳಿರುವ ಸಂಸಾರ ಬಾಳಬೇಕಾಗಿತ್ತು.

ನಾನು ಕೇಳುವುದು ಇಷ್ಟು. ಮಾಡದ ಕೆಲಸಕ್ಕೆ ಪಡೆದ 64,000 ರೂಪಾಯಿಯನ್ನು ಅದರ ಜಿಎಸ್‌ಟಿ ಸಹಿತ ಹಿಂದಿರುಗಿಸಿ. ಪೈಪು ಬದಲಿಸಿ ಗೋಡೆ ಸರಿಪಡಿಸುವ ಕೆಲಸವನ್ನು ತಿಳಿದವರಿಂದ ನಿಮ್ಮ ಖರ್ಚಿನಲ್ಲಿ ಮಾಡಿಸಿಕೊಡಿ, ಇಲ್ಲವೇ ನಾನು ಕರೆಸುವ ಮೇಸ್ತ್ರಿಯ ಬಿಲ್ಲನ್ನು ತುಂಬಿಕೊಡಿ. ಹಾಳಾದ ನೆಲಕ್ಕೆ ಪರಿಹಾರ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ತೇವ ಇರುವುದನ್ನು ಮನೆಯ ಒಡತಿ ಮೊದಲೇ ತಿಳಿಸಿದ್ದರು, ಸರಿಪಡಿಸದೆ ಮುಚ್ಚಿದವರು ನಮ್ಮ ಕೆಲಸಗಾರರು ಎಂದು ಸಂಸ್ಥೆಯ ಮುದ್ರೆಯೊಂದಿಗೆ ಒಂದು ಪತ್ರ ಬರೆದುಕೊಡಿ. ಅದನ್ನು ಮೊದಲು ಆ ಹಿರಿಯರಿಗೆ ತಲುಪಿಸಬೇಕು. ಅವರು ಮನೆ ಕೊಳ್ಳದಿದ್ದರೂ ಚಿಂತೆಯಿಲ್ಲ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ದೂರು ಕೊಡಲು ಎರಡು ವರ್ಷದ ಅವಧಿಯಿದೆ. ಒಪ್ಪಂದ, ಅಂದಾಜುಪಟ್ಟಿ, ಬಿಲ್ಲು ಮತ್ತು ಗೋಡೆ ಒಡೆಸಿದಾಗ ತೆಗೆದ ಚಿತ್ರಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ತೆಗೆದ ಚಕ್ಕೆಗಳನ್ನೂ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾನು ಮನೆಯಲ್ಲಿರುತ್ತೇನೆ. ನಿಮ್ಮಿಂದ ಬರುವವರು ಉಳಿ, ಸುತ್ತಿಗೆ ಮತ್ತು ಹೊಸ ಪೈಪು ತರಲಿ. ಬಣ್ಣದ ಡಬ್ಬಿ ಸದ್ಯಕ್ಕೆ ಬೇಡ.

ಇತಿ,
ಸರಸ್ವತಿಪುರಂನ ಮನೆಯ ಒಡತಿ,
ನಿವೃತ್ತ ಶಿಕ್ಷಕಿ